ಅಪ್ಪನಿಗೆ ಯಾವ ಸೈಜು?

ನಮ್ಮ ಚಿಕ್ಕಪ್ಪನ ಕೈಯಲ್ಲಿ ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆ ನಿಮಗಿದ್ದರೆ ದಯವಿಟ್ಟು ಈಗಲೇ ಹೇಳಿಬಿಡಿ. ಮೊದಲು ಅವರು ನಿಮ್ಮನ್ನು ಹಿಂದೆ ಮುಂದೆ ನೋಡಬೇಕು. ನೀವು ಚೌಕವೋ, ಅಡ್ಡವೋ, ಉದ್ದವೋ ಎಂದು ತೀರ್ಮಾನಿಸಬೇಕು. ಆ ತೀರ್ಮಾನ ಆಗುವಷ್ಟರಲ್ಲಿ ನಿಮ್ಮ ತಲೆ ನೆರೆತು, ಹೊಟ್ಟೆ ಬಂದು, ಆಕಾರವೇ ಬದಲಾಗಿರುತ್ತದೆ. ಆಗ ಅವರು ಮತ್ತೆ ಮೊದಲಿನಿಂದ ನೋಡಬೇಕು! ಉತ್ಪ್ರೇಕ್ಷೆ ಎಂದುಕೊಂಡಿರಾ? ನನ್ನ ಮದುವೆಯ ಫೋಟೋ ಅವರಿಂದ ಇನ್ನೂ ಬಾಕಿ ಇದೆ. ನನ್ನ ಮಗಳು ಆಗಲೇ ಏಳರ ಮಗ್ಗಿ ಹೇಳುತ್ತಾಳೆ.

ಚಿಕ್ಕಪ್ಪ ಇರುವುದು ಜೆ.ಪಿ. ನಗರದಲ್ಲಿ, ಪುಟ್ಟೇನಹಳ್ಳಿ ಕೆರೆಗೆ ಹತ್ತಿರ. ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಜೀವಮಾನವಿಡೀ ಗೆರೆ ಎಳೆದು ಅಳತೆ ಬರೆದು ನಿವೃತ್ತರಾದವರು. ಕೆಲಸದಿಂದ ಅವರು ಹೊರಬಂದರೂ ಅಳತೆ ಅವರಿಂದ ಹೊರಗೆ ಹೋಗಲಿಲ್ಲ. ಕೆಲಸದಲ್ಲಿದ್ದಾಗಲೇ ಎಲ್ಲಿಂದಲೋ ಒಂದು ಹಳೆಯ ಫಿಲ್ಮ್ ಕ್ಯಾಮೆರಾ ತಂದರು. ಪ್ರೆಶರ್ ಕುಕ್ಕರಿನಷ್ಟು ದಪ್ಪ, ಅದಕ್ಕಿಂತ ಹೆಚ್ಚು ಭಾರ. ಅದರ ಜಾತಿಗೆ ಮೀಡಿಯಂ ಫಾರ್ಮ್ಯಾಟ್ ಎನ್ನುತ್ತಾರಂತೆ.

‘ಇದು ಮೀಡಿಯಂ ಅಂದ್ರೆ ಲಾರ್ಜು ಹೇಗಿರುತ್ತೆ? ನಮ್ಮ ಬೀರು ಥರಾನಾ?’ ಎಂದು ಚಿಕ್ಕಮ್ಮ ಅಂದೇ ಕೇಳಿದ್ದರು.

ಚಿಕ್ಕಪ್ಪ ಕ್ಯಾಮೆರಾವನ್ನು ದೇವರ ಕೋಣೆಯಲ್ಲಿ ಇಟ್ಟು, ಕುಂಕುಮ ಹಚ್ಚಿ, ‘ಇದನ್ನ ತಂದಿರೋದು ಒಂದೇ ಕಾರಣಕ್ಕೆ. ಅಣ್ಣಂದು ಒಂದು ಒಳ್ಳೇ ಫೋಟೋ ತೆಗೀಬೇಕು’ ಎಂದು ಘೋಷಿಸಿದರು. ಅಣ್ಣ ಎಂದರೆ ನನ್ನ ಅಪ್ಪ. ಈ ಘೋಷಣೆಯನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಚಿಕ್ಕಪ್ಪನನ್ನು ಬಿಟ್ಟು ಉಳಿದ ನಾವೆಲ್ಲ ಅದನ್ನು ಮರೆತುಬಿಟ್ಟಿದ್ದೆವು.

ಇನ್ನು ಅವರ ತೊಂದರೆ ಏನು ಎಂದು ಹೇಳುತ್ತೇನೆ. ಈ ಕ್ಯಾಮೆರಾದ ಫಿಲ್ಮ್ ಸುಮಾರು ಆರು ಸೆಂಟಿಮೀಟರ್ ಅಗಲ. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಒಂದೊಂದು ಫೋಟೋಗೆ ಎಷ್ಟು ಉದ್ದ ಕೊಡುತ್ತೀರಿ ಎನ್ನುವುದು ನಿಮ್ಮಿಷ್ಟ. ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸುವ ಡಬ್ಬಿಗಳಿರುತ್ತವೆ, ಬೇರೆ ಬೇರೆ ಅಳತೆಯವು. ನಾಲ್ಕೂವರೆಯ ಡಬ್ಬಿ ಹಾಕಿದರೆ ಒಂದು ರೋಲಿಗೆ ಹದಿನಾರು ಫೋಟೋ. ಆರು ಎಂದರೆ ಅಪ್ಪಟ ಚೌಕ, ಹನ್ನೆರಡು. ಏಳಾದರೆ ಹತ್ತು. ಒಂಬತ್ತಾದರೆ ಎಂಟೇ ಎಂಟು. ಫೋಟೋ ದೊಡ್ಡದಾದಷ್ಟೂ ಲಕ್ಷಣ, ಆದರೆ ಸಂಖ್ಯೆ ಕಡಿಮೆ.

‘ಇದಕ್ಕೆ ಇಷ್ಟು ಪುರಾಣ ಯಾಕೆ?’ ಎಂದರು ಚಿಕ್ಕಮ್ಮ. ‘ಒಂದು ತಟ್ಟೆ ಕೊಬ್ಬರಿ ಮಿಠಾಯಿ ಹುಯ್ದಿದೀನಿ ಅಂತಿಟ್ಕೊ. ದೊಡ್ಡದಾಗಿ ಕುಯ್ದ್ರೆ ಕಡಿಮೆ ಜನಕ್ಕೆ, ಚಿಕ್ಕದಾಗಿ ಕುಯ್ದ್ರೆ ಜಾಸ್ತಿ ಜನಕ್ಕೆ. ನಾನು ಅರ್ಧ ನಿಮಿಷದಲ್ಲಿ ಕುಯ್ದು ಡಬ್ಬಿಗೆ ಹಾಕ್ತೀನಿ. ಇವ್ರು ಚಾಕು ಹಿಡ್ಕೊಂಡು ಕೂತಿದಾರೆ, ಎಷ್ಟು ವರ್ಷ ಆಯ್ತೋ!’

ಚಾಕು ಹಿಡಿದು ಕೂತವರು ಸುಮ್ಮನೆ ಕೂರಲಿಲ್ಲ. ಕಂಡವರಿಗೆಲ್ಲ ಅಳತೆ ಕೊಡತೊಡಗಿದರು. ಎದುರುಮನೆಯ ಅಂಕಲ್ ಆರು-ಆರು. ಯೋಗ ಕಲಿಸುವ ಮೇಡಂ ಆರು-ಒಂಬತ್ತು, ಅದೂ ನಿಲ್ಲಿಸಿ. ತರಕಾರಿ ಗಾಡಿಯವರು ಗಾಡಿ ಇದ್ದರೆ ಅಡ್ಡ, ಗಾಡಿ ಇಲ್ಲದಿದ್ದರೆ ಚೌಕ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಎಲ್ಲರೂ ಹುಡುಗನ ಕೆಲಸ, ಸಂಬಳ, ಸ್ವಭಾವ ವಿಚಾರಿಸುತ್ತಿದ್ದರೆ ಚಿಕ್ಕಪ್ಪ ಒಂದು ಕಣ್ಣು ಮುಚ್ಚಿ ಅವನನ್ನೇ ದಿಟ್ಟಿಸುತ್ತಿದ್ದರು. ಪಾಪ, ಹುಡುಗ ಬೆವತುಹೋದ. ಅವರು ಹೋದ ಮೇಲೆ ಚಿಕ್ಕಪ್ಪ ನನ್ನನ್ನು ಕರೆದು ತೀರ್ಪು ಕೊಟ್ಟರು: ‘ಆರು-ಏಳು ಕಣೇ ಪುಟ್ಟಿ. ಒಳ್ಳೇ ಅಳತೆ. ಒಪ್ಕೋ.’

ಒಪ್ಪಿಕೊಂಡೆ. ಬನಶಂಕರಿಯ ಛತ್ರದಲ್ಲಿ ಮದುವೆ. ಚಿಕ್ಕಪ್ಪ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಡಬ್ಬಿಗಳು ಎಲ್ಲವನ್ನೂ ಹೊತ್ತು ತಂದು ಮಂಟಪದ ಎದುರೇ ಠಿಕಾಣಿ ಹೂಡಿದರು. ಧಾರೆಯಾಯಿತು. ಮಾಂಗಲ್ಯವಾಯಿತು. ಚಿಕ್ಕಪ್ಪ ಒಂದು ಡಬ್ಬಿ ಸಿಕ್ಕಿಸುತ್ತಾರೆ, ತೆಗೆಯುತ್ತಾರೆ, ಇನ್ನೊಂದು ಸಿಕ್ಕಿಸುತ್ತಾರೆ. ಊಟದ ಎಲೆ ಹಾಕುವ ಹೊತ್ತಿಗೆ ನಾನೇ ಹೋಗಿ ಕೇಳಿದೆ.

‘ಚಿಕ್ಕಪ್ಪ, ತೆಗೆದ್ರಾ?’

‘ಹೇಗೆ ತೆಗೀಲಿ ಪುಟ್ಟಿ? ಅವನು ಆರು-ಏಳು. ನೀನು ಪಕ್ಕಾ ಆರು-ಆರು. ಒಂದೇ ಚೌಕಟ್ಟಲ್ಲಿ ನೀವಿಬ್ರೂ ಹೇಗೆ ಇರ್ತೀರಿ?’

ಈ ಪ್ರಶ್ನೆಯನ್ನು ತಾಳಿ ಕಟ್ಟುವ ಮೊದಲು ಕೇಳಬಾರದಿತ್ತೇ!

ಈ ಅನುಭವದಿಂದ ಅವರು ಒಂದು ಪಾಠ ಕಲಿತರು. ಅಂದರೆ, ಡಬ್ಬಿ ಹಾಕಿ ತೆಗೆಯುತ್ತಾ ಕೂರುವ ಬದಲು, ಕಣ್ಣೆದುರು ಹಿಡಿದು ನೋಡುವ ಅಳತೆಗಳನ್ನು ಸದಾ ಜೊತೆಗೆ ಒಯ್ಯಬೇಕು ಎಂಬ ಪಾಠ. ಮನೆಯಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಬ್ಲೇಡಿನಿಂದ ಕಿಟಕಿಗಳನ್ನು ಕೊರೆದರು. ಲಗ್ನಪತ್ರಿಕೆಯೇ ಯಾಕೆ ಎಂದರೆ, ಅಷ್ಟು ದಪ್ಪ ಕಾಗದ ಪುಕ್ಕಟೆಯಾಗಿ ಬೇರೆಲ್ಲಿ ಸಿಗುತ್ತದೆ? ನಾಲ್ಕೂವರೆಗೊಂದು, ಆರಕ್ಕೊಂದು, ಏಳಕ್ಕೊಂದು, ಒಂಬತ್ತಕ್ಕೊಂದು. ಅವಕ್ಕೆ ದಾರ ಪೋಣಿಸಿ ಕೊರಳಿಗೆ ನೇತುಹಾಕಿಕೊಂಡರು. ನನ್ನ ಮದುವೆಯ ಪತ್ರಿಕೆ ಆರು-ಏಳಾಯಿತು. ಅದರಲ್ಲಿ ನನ್ನ ಹೆಸರು ಭದ್ರವಾಗಿದೆ, ಗಂಡನ ಹೆಸರಿದ್ದ ಜಾಗದಲ್ಲಿ ಈಗ ಕಿಟಕಿ ಇದೆ. ನನ್ನ ಗಂಡ ಇದನ್ನು ಇನ್ನೂ ಗಮನಿಸಿಲ್ಲ.

ಒಂದು ಸಂಜೆ ಈ ಹಾರ ಧರಿಸಿದ ಚಿಕ್ಕಪ್ಪನೊಡನೆ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗುವ ಭಾಗ್ಯ ನನ್ನದಾಯಿತು. ನಾನು ಬಳೆ ನೋಡುತ್ತಿದ್ದೆ. ಚಿಕ್ಕಪ್ಪ ರಸ್ತೆಯ ಅಂಚಿಗೆ ನಿಂತು, ಒಂದು ಕಣ್ಣು ಮುಚ್ಚಿ, ಪತ್ರಿಕೆಯೊಂದನ್ನು ಮುಂದಕ್ಕೆ ಹಿಡಿದು ಅಂಗಡಿಗಳ ಸಾಲನ್ನು ಅಳೆಯತೊಡಗಿದರು. ಬೆಂಗಳೂರಿನಲ್ಲಿ ನಿಂತು ರಸ್ತೆ ಅಳೆಯುವ ಮನುಷ್ಯನನ್ನು ಕಂಡರೆ ಜನಕ್ಕೆ ಏನನ್ನಿಸುತ್ತದೆ ಎಂದು ನಾನು ಹೇಳಬೇಕೇ?

ಹೂವಿನಾಕೆ ಮೊದಲು ಬಾಯಿಬಿಟ್ಟರು. ‘ಏನಂಕಲ್, ರೋಡು ಅಗಲ ಮಾಡ್ತಾರಾ?’

‘ಇನ್ನೂ ತೀರ್ಮಾನ ಆಗಿಲ್ಲಮ್ಮ’ ಎಂದರು ಚಿಕ್ಕಪ್ಪ, ಕಿಟಕಿಯಿಂದ ಕಣ್ಣು ತೆಗೆಯದೆ.

ಅಷ್ಟೇ ಸಾಕಾಯಿತು. ಪಾತ್ರೆ ಅಂಗಡಿಯವರು ಗಲ್ಲಾ ಬಿಟ್ಟು ಓಡಿಬಂದರು. ‘ಸಾರ್, ನಮ್ಮಂಗ್ಡಿ ಎಷ್ಟು ಹೋಗತ್ತೆ ಸಾರ್?’

ಚಿಕ್ಕಪ್ಪ ಪತ್ರಿಕೆಗಳನ್ನು ಒಂದೊಂದಾಗಿ ಬದಲಾಯಿಸಿ ನೋಡಿ, ಡ್ರಾಯಿಂಗ್ ವಿಭಾಗದ ಪ್ರಾಮಾಣಿಕತೆಯಿಂದ ಹೇಳಿದರು: ‘ಆರು-ಆರಾದ್ರೆ ನಿಮ್ಮ ಬೋರ್ಡು ಹೋಗತ್ತೆ. ನಾಲ್ಕೂವರೆ ಆದ್ರೆ ಬಾಗಿಲು ಮಾತ್ರ ಉಳಿಯತ್ತೆ. ಆರು-ಒಂಬತ್ತಾದ್ರೆ ಪೂರ್ತಿ ಉಳಿಯತ್ತೆ, ನೀವು ಯೋಚ್ನೆ ಮಾಡ್ಬೇಡಿ.’

‘ಒಂಬತ್ತೇ ಮಾಡ್ಸಿ ಸಾರ್! ದಮ್ಮಯ್ಯ ಅಂತೀನಿ! ಬನ್ನಿ ಸಾರ್ ಒಳಗೆ, ಕಾಫಿ ತರಿಸ್ತೀನಿ!’

ನಾನು ಬಳೆ ಬಿಟ್ಟು ಓಡಿಬರುವಷ್ಟರಲ್ಲಿ ಚಿಕ್ಕಪ್ಪ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಸುತ್ತ ಜನ. ಯಾರೋ ಶಾಸಕರ ಹತ್ತಿರ ಹೋಗೋಣ ಎನ್ನುತ್ತಿದ್ದರು. ಚಿಕ್ಕಪ್ಪನಿಗೆ ಪರಮಾನಂದ. ತಮ್ಮ ಸಮಸ್ಯೆಯ ಬಗ್ಗೆ ಇಷ್ಟು ಆಸಕ್ತಿ ತೋರಿಸುವ ಜನರನ್ನು ಅವರು ಜೀವನದಲ್ಲೇ ಕಂಡಿರಲಿಲ್ಲ. ಅವರನ್ನು ಎಬ್ಬಿಸಿ ಆಟೋಗೆ ತುಂಬುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆ ರಸ್ತೆಯಲ್ಲಿ ನಾನು ಈಗಲೂ ತಲೆ ತಗ್ಗಿಸಿಕೊಂಡೇ ಹೋಗುತ್ತೇನೆ.

ಇಷ್ಟೆಲ್ಲ ಅಳತೆಗಳಲ್ಲಿ ಚಿಕ್ಕಪ್ಪನಿಗೆ ಒಂದನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. ನಾಲ್ಕೂವರೆ! ಆ ಡಬ್ಬಿ ಕ್ಯಾಮೆರಾದ ಜೊತೆಗೆ ಬಂದದ್ದು, ಅಟ್ಟದ ಮೇಲೆ ಬಿದ್ದಿತ್ತು. ‘ಅದು ಜಿಪುಣರ ಸೈಜು. ಒಂದು ರೋಲಲ್ಲಿ ಹದಿನಾರು ಹಿಂಡೋದಾ? ಅದೇನು ಫೋಟೋನಾ, ಟೂತ್‌ಪೇಸ್ಟಾ?’ ಎಂದು ಮೂಗು ಮುರಿಯುತ್ತಿದ್ದರು.

ಟೂತ್‌ಪೇಸ್ಟಿನ ಮಾತು ಬಂದದ್ದು ಸುಮ್ಮನೆ ಅಲ್ಲ, ಅದು ನಮ್ಮ ಅಪ್ಪನಿಗೆ ಬಿಟ್ಟ ಬಾಣ. ಅಪ್ಪ ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನೂ ಬಳಸುವವರು. ಎಲೆಯಲ್ಲಿ ಒಂದು ಅಗುಳು ಬಿಡುವುದಿಲ್ಲ, ನೋಡುತ್ತಿರುವ ಧಾರಾವಾಹಿ ಎಷ್ಟೇ ಕೆಟ್ಟದಾಗಿರಲಿ, ಕೊನೆಯ ಕಂತಿನವರೆಗೆ ಬಿಡುವುದಿಲ್ಲ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟರೆ ಅವರಿಗೆ ಮೈಗೆ ಆಗಿಬರುವುದಿಲ್ಲ.

ಅಪ್ಪನ ಇನ್ನೊಂದು ಗುಣ, ಅವರು ಕೂರುವುದಿಲ್ಲ. ನಾನು ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮನೆಯಿಂದ ಚಿಕ್ಕಪ್ಪನ ಮನೆ ಎರಡೇ ಕ್ರಾಸು. ಅಪ್ಪ ದಿನಾ ಬೆಳಿಗ್ಗೆ ತರಕಾರಿ ತಂದು, ಅದರಲ್ಲಿ ಅರ್ಧ ತಮ್ಮನಿಗೆ ಕೊಡಲು ಹೋಗುತ್ತಾರೆ. ಒಂದು ಕಾಲು ಗೇಟಿನ ಒಳಗೆ, ಒಂದು ಕಾಲು ಹೊರಗೆ. ಚಿಕ್ಕಮ್ಮ ಕಾಫಿ ತಂದರೆ ಅಲ್ಲೇ ನಿಂತು ಕುಡಿದು ಲೋಟವನ್ನು ಗೇಟಿನ ಮೇಲಿಂದಲೇ ವಾಪಸು ಕೊಡುತ್ತಾರೆ.

‘ಒಳಗೆ ಬಂದು ಕೂತ್ಕೊಳೋ ಅಣ್ಣ!’ ಎಂದು ಚಿಕ್ಕಪ್ಪ.

‘ಟೈಮ್ ಇಲ್ಲ ಕಣೋ’ ಎಂದು ಅಪ್ಪ.

ನಿವೃತ್ತರಾಗಿ ಹತ್ತು ವರ್ಷದ ಮೇಲಾದ ಮನುಷ್ಯನಿಗೆ ಟೈಮ್ ಎಲ್ಲಿಗೆ ಹೋಯಿತು ಎಂದು ಕೇಳುವ ಧೈರ್ಯ ಯಾರಿಗಿದೆ? ತಾತ ಹೋದಾಗ ಅಪ್ಪನಿಗೆ ಕಾಲೇಜು ಸೇರುವ ವಯಸ್ಸು. ಸೇರಲಿಲ್ಲ, ಕೆಲಸಕ್ಕೆ ಹೋದರು. ಅಂದಿನಿಂದ ಓಡಲು ಶುರು ಮಾಡಿದವರು ಇನ್ನು ನಿಲ್ಲಿಸಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲವೋ ಏನೋ.

ಇದರ ಪರಿಣಾಮವೆಂದರೆ ನಮ್ಮ ಮನೆಯ ಆಲ್ಬಮ್ಮುಗಳಲ್ಲಿ ಅಪ್ಪ ಇಲ್ಲ. ಇದ್ದರೂ ಪೂರ್ತಿ ಇಲ್ಲ. ನನ್ನ ನಾಮಕರಣದಲ್ಲಿ ಅವರು ಒಂದು ಮೊಣಕೈ. ಗೃಹಪ್ರವೇಶದಲ್ಲಿ ಬೆನ್ನು. ನನ್ನ ಮದುವೆಯಲ್ಲಿ, ಬಾಡಿಗೆ ಫೋಟೋಗ್ರಾಫರ್ ತೆಗೆದ ಫೋಟೋದಲ್ಲಿ, ಸಾಂಬಾರಿನ ಬಕೆಟ್ಟು ಹಿಡಿದ ಒಂದು ಕೈ. ಮೊಬೈಲಿನಲ್ಲೂ ಪ್ರಯತ್ನಿಸಿದ್ದೇವೆ. ಅದರಲ್ಲಿ ಅಪ್ಪ ಒಂದು ಗೆರೆ.

ಹೀಗಿರುವಾಗ ಅಪ್ಪನಿಗೆ ಎಪ್ಪತ್ತು ತುಂಬುವ ಸಮಯ ಬಂತು. ಭೀಮರಥ ಶಾಂತಿ ನಿಶ್ಚಯವಾಯಿತು. ಅಮ್ಮ ಮೈದುನನನ್ನು ಕರೆಸಿ ಕಟ್ಟುನಿಟ್ಟಾಗಿ ಹೇಳಿದರು: ‘ನೋಡಪ್ಪ, ಶಾಂತಿ ದಿನ ಗೋಡೆ ಮೇಲೆ ಹಾಕೋಕೆ ನಿಮ್ಮಣ್ಣಂದು ಒಂದು ಫೋಟೋ ಬೇಕು. ಯಾವ ಸೈಜಾದ್ರೂ ಇರ್ಲಿ. ಅದರಲ್ಲಿ ಮುಖ ಇರ್ಬೇಕು, ಅಷ್ಟೇ.’

ಚಿಕ್ಕಪ್ಪ ಎದೆಯುಬ್ಬಿಸಿ ಒಪ್ಪಿಕೊಂಡರು. ಅಣ್ಣನಿಗೆ ಆರು-ಒಂಬತ್ತು ಬಿಟ್ಟು ಬೇರೆ ಮಾತೇ ಇಲ್ಲ ಎಂದರು. ಎತ್ತರದ ಆಳು, ನಿಂತೇ ಇರುವ ಆಳು, ಅವರಿಗೆ ಉದ್ದನೆಯ ದೊಡ್ಡ ಚೌಕಟ್ಟೇ ಸರಿ. ಮಾರನೆಯ ಬೆಳಿಗ್ಗೆ ಗೇಟಿನ ಎದುರಿಗೇ ಕ್ಯಾಮೆರಾ ಹೂಡಿ ಕಾದರು. ಅಪ್ಪ ತರಕಾರಿ ಚೀಲದೊಡನೆ ಬಂದರು.

‘ಎಷ್ಟು ಫೋಟೋ?’

‘ಎಂಟು.’

‘ಎಂಟೇನಾ? ಫಿಲ್ಮಿಗೆ ಅಷ್ಟು ದುಡ್ಡು ಕೊಟ್ಟು ಎಂಟೇನಾ! ಸರಿ, ಬೇಗ ಮುಗ್ಸು.’

ಅಪ್ಪ ನಿಂತರು. ರೋಲು ಅರ್ಧಕ್ಕೆ ಬಿಟ್ಟು ಹೋಗುವವರಲ್ಲವಲ್ಲ, ಎಂಟೂ ಮುಗಿಯುವವರೆಗೆ ನಿಂತರು. ಎಂಟನೆಯದು ಕ್ಲಿಕ್ಕೆಂದ ಕ್ಷಣ ಮಾಯವಾದರು. ಚಿಕ್ಕಪ್ಪ ಬಚ್ಚಲುಮನೆಯಲ್ಲಿ ಕೂತು ಫಿಲ್ಮ್ ತೊಳೆದು ತಂದು ಬೆಳಕಿಗೆ ಹಿಡಿದರೆ, ಎಂಟರಲ್ಲೂ ಅಪ್ಪ ಇದ್ದರು. ಮುಖವೂ ಇತ್ತು. ಆದರೆ ಎಂಟರಲ್ಲೂ ಅದು ಹೊರಟ ಮನುಷ್ಯನ ಮುಖ. ಬಸ್ಸು ಕಂಡವರ ಮುಖ ಹಾಗಿರುತ್ತದೆ.

ಚಿಕ್ಕಮ್ಮ ನಕ್ಕರು, ನಾನೂ ನಕ್ಕೆ. ಚಿಕ್ಕಪ್ಪ ನಗಲಿಲ್ಲ. ನೆಗೆಟಿವ್ ಹಿಡಿದುಕೊಂಡು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ನನಗೆ ಬುಲಾವ್ ಬಂತು. ಹೋದೆ. ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿತ್ತು. ಕ್ಯಾಮೆರಾ ಸಿದ್ಧವಾಗಿತ್ತು. ಅದರ ಬೆನ್ನಿಗೆ ಯಾವ ಡಬ್ಬಿ ಎಂದು ನೋಡಿ ನಾನು ಬೆಚ್ಚಿಬಿದ್ದೆ. ಅಟ್ಟದಿಂದ ಇಳಿದ ನಾಲ್ಕೂವರೆ!

‘ಏನ್ ಚಿಕ್ಕಪ್ಪ! ಜಿಪುಣರ ಸೈಜು!’

‘ಮೆತ್ತಗೆ ಮಾತಾಡೇ’ ಎಂದು ನನ್ನನ್ನು ಒಳಗೆ ಎಳೆದರು. ‘ಒಂಬತ್ತು ಹಾಕಿದ್ರೆ ಎಂಟಕ್ಕೆ ಎದ್ದು ಹೋಗ್ತಾನೆ. ಇದರಲ್ಲಿ ಹದಿನಾರು. ಹದಿನಾರು ಮುಗಿಯೋವರ್ಗೂ ಅವನು ಏಳಲ್ಲ, ನಂಗೊತ್ತು. ಇಷ್ಟು ವರ್ಷ ನಾನು ದೊಡ್ಡ ನೆಗೆಟಿವ್ ಬೇಕು ಅಂತ ಒದ್ದಾಡಿದೆ ಪುಟ್ಟಿ. ಎಷ್ಟು ದೊಡ್ಡದಿದ್ರೆ ಏನು? ಅದರೊಳಗೆ ಅಣ್ಣ ಇರ್ಬೇಕಲ್ಲ?’

ಇಷ್ಟು ವರ್ಷ ಇವರನ್ನು ನೋಡಿ ನಕ್ಕವಳು ನಾನು.

ಅಪ್ಪ ಬಂದರು. ಅಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಸಿ ಕಳಿಸಿದ್ದರು. ಬೆತ್ತದ ಕುರ್ಚಿಯ ತುದಿಯಲ್ಲಿ, ಏಳಲು ಅನುಕೂಲವಾಗುವಂತೆ ಕೂತರು.

‘ಎಷ್ಟು?’

‘ಹದಿನಾರು.’

‘ಹದಿನಾರಾ!’ ಅಪ್ಪನ ಮುಖದಲ್ಲಿ ಸಂತೋಷ, ಸಂಕಟ ಎರಡೂ ಒಟ್ಟಿಗೆ ಕಾಣಿಸಿದವು. ದುಡ್ಡಿಗೆ ತಕ್ಕ ಫೋಟೋ ಬರುತ್ತದೆ ಎಂಬ ಸಂತೋಷ, ಅಷ್ಟು ಹೊತ್ತು ಕೂರಬೇಕು ಎಂಬ ಸಂಕಟ.

ಚಿಕ್ಕಪ್ಪ ಆ ದಿನ ತೋರಿದ ನಿಧಾನವನ್ನು ಏನೆಂದು ಹೇಳಲಿ! ಒಂದು ಕ್ಲಿಕ್ಕಾದ ಮೇಲೆ ಲೆನ್ಸು ಒರೆಸಿದರು. ಇನ್ನೊಂದಾದ ಮೇಲೆ ಮೋಡ ಬಂತು ಎಂದರು. ನನಗೆ ಕಾಣುವಂತೆ ಆಕಾಶದಲ್ಲಿ ಮೋಡವೇ ಇರಲಿಲ್ಲ. ಬೆಳಕಿನ ಮೀಟರನ್ನು ಅಪ್ಪನ ಗಲ್ಲಕ್ಕೆ, ಕಿವಿಗೆ, ಮೂಗಿಗೆ ಹಿಡಿದು ನೋಡಿದರು. ಅಪ್ಪ ಮೊದಲು ಗೊಣಗಿದರು, ಆಮೇಲೆ ಗೇಟಿನ ಕಡೆ ನೋಡಿದರು, ಆಮೇಲೆ ಬೇರೆ ದಾರಿ ಕಾಣದೆ ಬೆನ್ನನ್ನು ಕುರ್ಚಿಗೆ ಒರಗಿಸಿದರು. ನಮ್ಮಪ್ಪನ ಬೆನ್ನು ಕುರ್ಚಿಗೆ ತಾಗಿದ್ದನ್ನು ನಾನು ನೋಡಿದೆ! ಚಿಕ್ಕಮ್ಮ ಕಾಫಿ ತಂದರು. ಅಪ್ಪ ಕೂತು ಕುಡಿದರು. ಮಾತು ಶುರುವಾಯಿತು. ಅಣ್ಣ ತಮ್ಮ ಹಳೆಯ ವಠಾರದ ನಲ್ಲಿ ಜಗಳ, ಮೇಷ್ಟ್ರ ಬೆತ್ತ ಎಲ್ಲ ನೆನಪು ಮಾಡಿಕೊಂಡು ಜೋರಾಗಿ ನಗತೊಡಗಿದರು. ನಡುನಡುವೆ ಕ್ಲಿಕ್.

‘ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿಗೆ ಫೋಟೋ ತೆಗ್ಸೋಕೆ ನೀನು ನನ್ನನ್ನ ಸ್ಟುಡಿಯೋಗೆ ಕರ್ಕೊಂಡು ಹೋಗಿದ್ದೆ, ಜ್ಞಾಪಕ ಇದ್ಯಾ?’ ಎಂದರು ಚಿಕ್ಕಪ್ಪ, ಕ್ಯಾಮೆರಾದ ಮೇಲೆ ಬಗ್ಗಿಕೊಂಡೇ.

‘ಇಲ್ದೇ ಏನು? ಕಡಿದಾದ ಮೆಟ್ಲು. ನಿನ್ನ ಅಂಗಿ ಕಾಲರ್ ಹರಿದಿತ್ತು ಅಂತ ನಂದು ಹಾಕಿಸಿದ್ದೆ.’

‘ಹೂಂ. ನೀನು ಆ ಸೆಕೆಯಲ್ಲಿ ಸ್ವೆಟರ್ ಹಾಕ್ಕೊಂಡು, ಕತ್ತಿನವರ್ಗೂ ಗುಂಡಿ ಬಿಗಿದು ನಿಂತಿದ್ದೆ. ನಂದು ಆದ್ಮೇಲೆ ಸ್ಟುಡಿಯೋದವರು ಅಂದ್ರು, ಸ್ವೆಟರ್ ತೆಗೆದು ನೀವೂ ನಿಂತ್ಕೊಳ್ಳಿ, ಅಣ್ಣ ತಮ್ಮಂದು ಒಂದು ತೆಗೀತೀನಿ ಅಂತ. ನೀನು ಟೈಮ್ ಇಲ್ಲ ಅಂದ್ಬಿಟ್ಟೆ. ನಂಗೆ ಎಷ್ಟು ಬೇಜಾರಾಗಿತ್ತು ಗೊತ್ತಾ ಅಣ್ಣ? ಅರ್ಧ ನಿಮಿಷ ನಿಂತ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಅಪ್ಪ ಖಾಲಿ ಲೋಟವನ್ನು ಕೆಳಗಿಟ್ಟರು.

‘ಟೈಮ್ ಇತ್ತು ಕಣೋ’ ಎಂದರು. ‘ಅಂಗಿ ಇರ್ಲಿಲ್ಲ.’

ಚಿಕ್ಕಪ್ಪ ಬಗ್ಗಿದವರು ಏಳಲಿಲ್ಲ. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅಪ್ಪನೊಬ್ಬರೇ ಎಂದಿನಂತಿದ್ದರು.

‘ಯಾಕೋ, ಒತ್ತೋ. ಇನ್ನೊಂದು ಬಾಕಿ ಇದೆ. ವೇಸ್ಟ್ ಮಾಡ್ಬೇಡ.’

ಕ್ಲಿಕ್. ರೋಲು ಮುಗಿಯಿತು. ಈಗ ಏಳುತ್ತಾರೆ ಎಂದುಕೊಂಡು ನಾನು ಗೇಟು ತೆಗೆಯಲು ಹೊರಟೆ. ಅಪ್ಪ ಏಳಲಿಲ್ಲ. ಗೇಟಿನ ಕಡೆ ನೋಡಲೂ ಇಲ್ಲ.

‘ಇನ್ನೊಂದು ರೋಲು ಇದ್ಯೇನೋ?’ ಎಂದರು. ‘ಇದ್ರೆ ಹಾಕು. ಇವ್ಳು ಒತ್ತಲಿ. ನೀನು ಆ ಕುರ್ಚಿ ಎಳ್ಕೊಂಡು ಇಲ್ಲಿ ಬಾ.’

ಚಿಕ್ಕಪ್ಪ ರೋಲು ಹಾಕಿದರು. ಯಾವ ಸೈಜು ಎಂದು ನಾನು ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ. ಗುಂಡಿ ತೋರಿಸಿಕೊಟ್ಟು, ಕುರ್ಚಿ ಎಳೆದುಕೊಂಡು ಅಣ್ಣನ ಪಕ್ಕದಲ್ಲಿ ಕೂತರು. ನಾನು ಒತ್ತುವ ಮೊದಲು ಅಪ್ಪ ಕೈ ಚಾಚಿ ತಮ್ಮನ ಅಂಗಿಯ ಕಾಲರ್ ಸರಿಮಾಡಿದರು.